ಜರ್ಮನಿಯಲ್ಲಿ ಪೇಪರ್ ಹುಡುಕಿ ತರಿಸಿಕೊಳ್ಳುವ ಬಗೆ

ಗೂಗಲ್ ಸ್ಕಾಲರ್‌ನಲ್ಲಿ ಬೇಕಾದ ಸಂಶೋಧನಾ ಪೇಪರ್ ಕಣ್ಣಿಗೆ ಬೀಳುತ್ತದೆ. ಒತ್ತಿದರೆ ಪ್ರಕಾಶಕರ ಸೈಟು ದುಡ್ಡು ಕೇಳುತ್ತದೆ. ಜರ್ಮನಿಗೆ ಓದಲು ಬಂದ ನಮ್ಮವರು ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ಆ ಜರ್ನಲ್‌ಗೆ ಯೂನಿವರ್ಸಿಟಿ ಆಗಲೇ ಚಂದಾ ಕಟ್ಟಿರಬಹುದು; ನೀವು ಅಲ್ಲಿನವರೆಂದು ಸೈಟಿಗೆ ಗೊತ್ತಾಗಿರುವುದಿಲ್ಲ, ಅಷ್ಟೇ.

ಮನೆಯಿಂದಲೇ ಯೂನಿವರ್ಸಿಟಿಯ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಹಾಕಿದರೂ ಪೇಪರ್ ತೆರೆಯದಿದ್ದರೆ ವಿಪಿಎನ್‌ನ ಪ್ರೊಫೈಲ್ ನೋಡಿ. ಹಲವು ಯೂನಿವರ್ಸಿಟಿಗಳಲ್ಲಿ ಸ್ಪ್ಲಿಟ್ ಟನಲ್, ಫುಲ್ ಟನಲ್ ಎಂದು ಎರಡಿರುತ್ತವೆ. ಸ್ಪ್ಲಿಟ್‌ನಲ್ಲಿ ಯೂನಿವರ್ಸಿಟಿಯ ಸರ್ವರ್‌ಗಳಿಗೆ ಹೋಗುವ ಟ್ರಾಫಿಕ್ ಮಾತ್ರ ವಿಪಿಎನ್ ಮೂಲಕ ಸಾಗುತ್ತದೆ, ಪ್ರಕಾಶಕರಿಗೆ ಕಾಣುವುದು ನಿಮ್ಮ ಮನೆಯ ಐಪಿ, ಅಂದರೆ ಇಂಟರ್ನೆಟ್ ವಿಳಾಸ. ಫುಲ್ ಟನಲ್‌ಗೆ ಬದಲಿಸಿ ಪುಟವನ್ನು ಮತ್ತೆ ತೆರೆಯಿರಿ. ಅದೂ ಆಗದಿದ್ದರೆ ಪ್ರಕಾಶಕರ ಸೈಟಿನಲ್ಲೇ ಸಂಸ್ಥೆಯ ಮೂಲಕ ಲಾಗಿನ್ ಆಗುವ ಕೊಂಡಿ ಇರುತ್ತದೆ. ಅಲ್ಲಿ ಯೂನಿವರ್ಸಿಟಿಯ ಇಂಗ್ಲಿಷ್ ಹೆಸರು ಸಿಗದಿದ್ದರೆ ಜರ್ಮನ್ ಹೆಸರಿನಲ್ಲಿ ಹುಡುಕಿ. ಒಂದು ಎಚ್ಚರಿಕೆ: ಸ್ಕ್ರಿಪ್ಟ್ ಬರೆದು ಒಂದೇ ಏಟಿಗೆ ನೂರಾರು ಪಿಡಿಎಫ್ ಇಳಿಸಲು ಹೋಗಬೇಡಿ. ಪ್ರಕಾಶಕರು ಯೂನಿವರ್ಸಿಟಿಯ ಐಪಿಯನ್ನೇ ತಡೆಹಿಡಿಯಬಹುದು, ಆಮೇಲೆ ಲೈಬ್ರರಿಯವರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.

ಯಾವ ಜರ್ನಲ್ ನಿಮಗೆ ಸಿಗುತ್ತದೆಂದು ತಿಳಿಯಲು ರೇಗನ್ಸ್‌ಬುರ್ಗ್ ಯೂನಿವರ್ಸಿಟಿ ಲೈಬ್ರರಿ 1997ರಲ್ಲಿ ಶುರುಮಾಡಿದ ಇ-ಜರ್ನಲ್‌ಗಳ ಆನ್‌ಲೈನ್ ಪಟ್ಟಿ ಇಝೆಡ್‌ಬಿ ಇದೆ. ಜರ್ನಲ್‌ನ ಹೆಸರು ಹಾಕಿದರೆ ಟ್ರಾಫಿಕ್ ಸಿಗ್ನಲ್ ಬಣ್ಣ ತೋರಿಸುತ್ತದೆ. ಹಸಿರಾದರೆ ಎಲ್ಲರಿಗೂ ಉಚಿತ, ಹಳದಿಯಾದರೆ ನಿಮ್ಮ ಸಂಸ್ಥೆಯ ಲೈಸೆನ್ಸ್ ಇದೆ, ಕೆಂಪಾದರೆ ಇಲ್ಲ. ಹಳದಿ ಕಂಡ ತಕ್ಷಣ ನಿಶ್ಚಿಂತರಾಗಬೇಡಿ, ಲೈಸೆನ್ಸ್ ಯಾವ ವರ್ಷದಿಂದ ಎಂದು ಪಕ್ಕದಲ್ಲಿ ಬರೆದಿರುತ್ತದೆ; ಹಳೆಯ ಸಂಪುಟಗಳು ಅದರಾಚೆ ಉಳಿದಿರಬಹುದು.

ಕೆಂಪು ಬಂದರೂ ದಾರಿ ಮುಗಿಯಲಿಲ್ಲ. ಇಲ್ಲಿನ ವ್ಯವಸ್ಥೆಯಲ್ಲಿ ನಿಜಕ್ಕೂ ಮೆಚ್ಚಬೇಕಾದ್ದು ಫೆರ್ನ್‌ಲೈಹ, ಅಂದರೆ ಬೇರೆ ಊರಿನ ಲೈಬ್ರರಿಯಿಂದ ತರಿಸಿಕೊಡುವ ಸೌಲಭ್ಯ. ಸಾಮಾನ್ಯವಾಗಿ ಒಂದು ಆರ್ಡರ್‌ಗೆ 1.50 ಯೂರೋ. ಪೇಪರ್ ಸಿಗಲಿ, ಬಿಡಲಿ, ಆರ್ಡರ್ ಮಾಡಿದ್ದಕ್ಕೆ ಆ ಹಣ ಹೋದಂತೆಯೇ. ಆದ್ದರಿಂದ ಸಂಪುಟ, ವರ್ಷ, ಪುಟಸಂಖ್ಯೆಗಳನ್ನು ಒಂದಕ್ಕೆರಡು ಸಲ ನೋಡಿ ತುಂಬಿ. ವರ್ಷ ಮತ್ತು ಸಂಪುಟ ಒಂದಕ್ಕೊಂದು ಹೊಂದದಿದ್ದರೆ ಆರ್ಡರ್ ಖಾಲಿ ಕೈಯಲ್ಲಿ ವಾಪಸ್ಸಾಗುತ್ತದೆ. ನಿಮ್ಮ ಲೈಬ್ರರಿಯಲ್ಲೇ ಇರುವ ಪುಸ್ತಕವನ್ನು, ಯಾರೋ ಒಯ್ದಿದ್ದರೂ ಸಹ, ಹೀಗೆ ತರಿಸುವಂತಿಲ್ಲ, ಅದನ್ನು ಕಾಯ್ದಿರಿಸಬೇಕು. ಲೇಖನದ ಪ್ರತಿ ಕೆಲವೆಡೆ ಇಂದಿಗೂ ಕಾಗದದಲ್ಲೇ ಬರುತ್ತದೆ. ಅವಸರವಿದ್ದರೆ ಸುಬಿಟೋ ಎಂಬ ಸೇವೆ ಇದೆ, ಬೆಲೆ ಹೆಚ್ಚು, ಕೆಲಸ ಬೇಗ. ಪುಸ್ತಕ ಯಾವ ಲೈಬ್ರರಿಯಲ್ಲಿದೆ ಎಂದು ನೋಡಲು ಕಾರ್ಲ್ಸ್‌ರೂಹದ ಕೆವಿಕೆ ಸಾಕು, ಹಲವು ಕ್ಯಾಟಲಾಗ್‌ಗಳನ್ನು ಒಂದೇ ಸಲಕ್ಕೆ ಜಾಲಾಡುತ್ತದೆ.

ಹುಡುಕುವ ಪದಗಳ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ. ಅಲ್ಯೂಮಿನಿಯಂ ವೆಲ್ಡಿಂಗ್‌ನಲ್ಲಿ ಬಿಸಿಯಿರುವಾಗಲೇ ಬಿಡುವ ಬಿರುಕಿನ ಬಗ್ಗೆ ಬೇಕು ಅನ್ನಿ. ಸ್ಕೋಪಸ್ ಎಂಬ ಪೇಪರ್‌ಗಳ ಡೇಟಾಬೇಸ್‌ನಲ್ಲಿ 'ಹಾಟ್ ಕ್ರ್ಯಾಕ್' ಒಂದನ್ನೇ ಹಾಕಿದರೆ 'ಸಾಲಿಡಿಫಿಕೇಶನ್ ಕ್ರ್ಯಾಕ್' ಎಂದು ಬರೆದವರೆಲ್ಲ ತಪ್ಪಿಹೋಗುತ್ತಾರೆ. ಎರಡನ್ನೂ 'ಆರ್'ನಿಂದ ಸೇರಿಸಿ ಕಂಸದೊಳಗೆ ಇಡಿ, ಆಮೇಲೆ 'ಆ್ಯಂಡ್' ಹಾಕಿ ಲೋಹದ ಹೆಸರು ಕೊಡಿ. ಕಂಸ ಬಿಟ್ಟರೆ ಆರ್, ಆ್ಯಂಡ್‌ಗಳಲ್ಲಿ ಯಾವುದು ಮೊದಲು ಎಂಬುದನ್ನು ಒಂದೊಂದು ಡೇಟಾಬೇಸ್ ಒಂದೊಂದು ರೀತಿ ತಿಳಿದುಕೊಳ್ಳುತ್ತದೆ. ಲೋಹದ ಹೆಸರನ್ನು ಪೂರ್ತಿ ಬರೆಯದೆ 'ಅಲ್ಯೂಮಿನ್' ತನಕ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಬ್ರಿಟಿಷ್, ಅಮೆರಿಕನ್ ಎರಡೂ ಕಾಗುಣಿತ ಸಿಗುತ್ತವೆ. ಗೂಗಲ್ ಸ್ಕಾಲರ್‌ನಲ್ಲಿ ಈ ನಕ್ಷತ್ರ ನಡೆಯುವುದಿಲ್ಲ.

ಜರ್ಮನ್ ಬಾರದಿದ್ದರೂ ಇದೇ ಹುಡುಕಾಟವನ್ನು ಒಮ್ಮೆ ಜರ್ಮನ್‌ನಲ್ಲಿ ಮಾಡಿ, ಏಕೆಂದರೆ ಎಂಜಿನಿಯರಿಂಗ್ ಪಿಎಚ್‌ಡಿ ಪ್ರಬಂಧಗಳು ಎಷ್ಟೋ ಆ ಭಾಷೆಯಲ್ಲೇ ಇವೆ. ಹಾಟ್ ಕ್ರ್ಯಾಕ್‌ಗೆ ಜರ್ಮನ್ ಪದವಾದ 'ಹೈಸ್‌ರಿಸ್' ಎಂದು ಬರೆದು ಕೊನೆಗೆ ನಕ್ಷತ್ರ ಹಾಕಿದರೆ ಅದರಿಂದ ಶುರುವಾಗುವ ಉದ್ದುದ್ದ ಪದಗಳೆಲ್ಲ ಬರುತ್ತವೆ. ಆದರೆ ಜರ್ಮನ್‌ನ ಕೂಡುಪದಗಳಲ್ಲಿ ಮುಖ್ಯಪದ ಕೊನೆಯಲ್ಲಿರುತ್ತದೆ. 'ಶ್ವೈಸನ್' ಎಂದರೆ ವೆಲ್ಡಿಂಗ್, ಲೇಸರ್ ವೆಲ್ಡಿಂಗ್ 'ಲೇಸರ್‌ಶ್ವೈಸನ್' ಎಂದು ಒಂದೇ ಪದ. ಮೊದಲನೆಯದನ್ನು ಮಾತ್ರ ಹಾಕಿದರೆ ಕ್ಯಾಟಲಾಗಿಗೆ ಎರಡನೆಯದು ಕಾಣದೆ ಹೋಗಬಹುದು, ಅದನ್ನು ಬೇರೆಯಾಗಿಯೇ ಕೊಡಬೇಕು. ನಮ್ಮ ಊರಿನ ಲ್ಯಾಪ್‌ಟಾಪ್‌ನಲ್ಲಿ ಉಮ್ಲೌಟ್ (ä, ö, ü) ಕೀ ಇಲ್ಲದಿದ್ದರೆ ಆ ಸ್ವರದ ನಂತರ 'ಇ' ಸೇರಿಸಿ, ಎಸ್‌ತ್ಸೆಟ್ (ß) ಬದಲು ಎರಡು 'ಎಸ್' ಹಾಕಿ.

ನಮ್ಮಲ್ಲಿ ಪ್ರಬಂಧಕ್ಕೆ ಶೋಧಗಂಗಾ ನೋಡುವಂತೆ ಇಲ್ಲಿ ರಾಷ್ಟ್ರೀಯ ಗ್ರಂಥಾಲಯವಾದ ಡಿಎನ್‌ಬಿಯ ಕ್ಯಾಟಲಾಗ್ ನೋಡಬೇಕು. ಪ್ರಬಂಧವನ್ನು ಪ್ರಕಟಿಸದೆ ಡಾಕ್ಟರ್ ಎನಿಸಿಕೊಳ್ಳುವಂತಿಲ್ಲ ಎಂಬ ನಿಯಮವಿರುವುದರಿಂದ ಅವು ಅಲ್ಲಿ ದಾಖಲಾಗುತ್ತವೆ. ತಂತ್ರಜ್ಞಾನದ ಸಾಹಿತ್ಯಕ್ಕೆ ಹನೋಫರ್‌ನ ಟಿಐಬಿ ಗ್ರಂಥಾಲಯ, ವೈದ್ಯಕೀಯಕ್ಕೆ ಕಲೋನ್‌ನ ಝಡ್‌ಬಿ ಮೆಡ್ ಗ್ರಂಥಾಲಯ. ಪೇಟೆಂಟ್‌ಗೆ ಡೆಪಾಟಿಸ್‌ನೆಟ್, ಉಚಿತ.

ಜರ್ಮನಿಯ ತಾಂತ್ರಿಕ ಮಾನದಂಡಗಳಾದ ಡಿಐಎನ್‌ಗಳ ಬಗ್ಗೆ ಮಾತ್ರ ಮೊದಲೇ ತಿಳಿದಿರಲಿ. ಭಾರತದ ಬಿಐಎಸ್ ಮಾನದಂಡಗಳನ್ನು ಉಚಿತವಾಗಿ ಇಳಿಸಿ ಅಭ್ಯಾಸವಾದವರಿಗೆ ಇವುಗಳ ಬೆಲೆ ದಂಗುಬಡಿಸುತ್ತದೆ. ಕೊಳ್ಳುವ ಮುಂಚೆ ನಿಮ್ಮ ಯೂನಿವರ್ಸಿಟಿಗೆ ಮಾನದಂಡಗಳ ನೌಟೋಸ್ ಡೇಟಾಬೇಸ್ ಇದೆಯೇ ಎಂದು ಕೇಳಿ. ಇಲ್ಲವಾದರೆ ಮಾನದಂಡ ಓದುವ ಜಾಗವಾದ ನಾರ್ಮೆನ್ ಇನ್ಫೋಪಾಯಿಂಟ್ ಇರುವ ಲೈಬ್ರರಿಗೆ ಹೋಗಿ ಅಲ್ಲಿನ ಕಂಪ್ಯೂಟರ್‌ನಲ್ಲಿ ಓದಬಹುದು. ಪ್ರಿಂಟ್, ಡೌನ್‌ಲೋಡ್ ಇಲ್ಲ, ಪೆನ್ನು ನೋಟ್‌ಬುಕ್ ಒಯ್ಯಿರಿ.

ಕಂಪನಿ ಕೆಲಸಕ್ಕೆ ಬಂದವರಿಗೂ ಹಲವು ಯೂನಿವರ್ಸಿಟಿ ಲೈಬ್ರರಿಗಳು ಕಾರ್ಡ್ ಕೊಡುತ್ತವೆ. ಶುಲ್ಕ ಊರಿಂದೂರಿಗೆ ಬೇರೆ. ಪಾಸ್‌ಪೋರ್ಟ್ ಜೊತೆಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಿದ ಪತ್ರ, ಅಂದರೆ ಮೆಲ್ಡೆಬೆಶೈನಿಗುಂಗ್ ಬೇಕು, ಏಕೆಂದರೆ ಭಾರತದ ಪಾಸ್‌ಪೋರ್ಟ್‌ನಿಂದ ನಿಮ್ಮ ಇಲ್ಲಿನ ವಿಳಾಸ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಈ ಕಾರ್ಡ್‌ನಿಂದ ಸಾಮಾನ್ಯವಾಗಿ ವಿಪಿಎನ್ ಸಿಗುವುದಿಲ್ಲ. ಲೈಸೆನ್ಸ್ ಒಪ್ಪಂದ ಬಿಟ್ಟ ಮಟ್ಟಿಗೆ ಇ-ಜರ್ನಲ್‌ಗಳನ್ನು ಲೈಬ್ರರಿಯ ಒಳಗಿನ ಕಂಪ್ಯೂಟರ್‌ನಲ್ಲೇ ಓದಿ, ಪಿಡಿಎಫ್ ಉಳಿಸಿಕೊಳ್ಳಲು ಬಿಡುವ ಕಡೆ ಯುಎಸ್‌ಬಿಗೆ ಹಾಕಿಕೊಳ್ಳಬೇಕು. ಓದು ಮುಗಿಸಿ ಹೆಸರು ತೆಗೆಸಿದ ವಿದ್ಯಾರ್ಥಿಗಳ ಸ್ಥಿತಿಯೂ ಇದೇ, ಆದ್ದರಿಂದ ಅಕೌಂಟ್ ಮುಚ್ಚುವ ಮೊದಲೇ ಪೇಪರ್‌ಗಳ ಪಟ್ಟಿ ಇಡುವ ಝೊಟೆರೋ ತಂತ್ರಾಂಶದಲ್ಲಿ ಬರೀ ಕೊಂಡಿಗಳಿರುವ ಪೇಪರ್‌ಗಳ ಪಿಡಿಎಫ್ ಇಳಿಸಿಟ್ಟುಕೊಳ್ಳಿ.