ರೋಸ್ಟರ್ ದೊಡ್ಡದು ಮಾಡುವ ಮೊದಲು

ಕೊಡಗಿನಲ್ಲಿ ಕಾಫಿಪುಡಿ ವ್ಯಾಪಾರಕ್ಕೆ ಇಳಿಯುವ ತೋಟದವರಲ್ಲಿ ಕೆಲವರಿಗೆ ‘ವ್ಯಾಪಾರಿ ಕೊಡೋ ರೇಟು ಸಾಲದು’ ಎಂಬ ಸಿಟ್ಟು, ಕೆಲವರಿಗೆ ಮನೆತನದ ಹೆಸರಲ್ಲೊಂದು ಬ್ರ್ಯಾಂಡ್ ಇರಲಿ ಎಂಬ ಆಸೆ. ಯಾವುದರಿಂದ ಶುರು ಮಾಡಿದರೋ ಅದು ಲೆಕ್ಕದ ಪುಸ್ತಕದಲ್ಲಿ ಕಂಡೇ ಕಾಣುತ್ತದೆ.

ಸಿಟ್ಟಿನವರು ಸ್ವಂತ ಕಾಫಿಗೆ ಬೆಲೆಯನ್ನೇ ಬರೆಯುವುದಿಲ್ಲ. ‘ತೋಟದ್ದೇ ಅಲ್ವಾ’ ಅನ್ನುತ್ತಾರೆ. ನಾನು ಅಂದಂದಿನ ಮಾರುಕಟ್ಟೆ ದರಕ್ಕೆ, ಹೊರಗಿನಿಂದ ಕೊಂಡ ಹಾಗೆಯೇ ಬರೆಯುತ್ತೇನೆ. ಕ್ಯೂರಿಂಗ್ ಆದ, ಅಂದರೆ ಸಿಪ್ಪೆ ತೆಗೆದು ವಿಂಗಡಿಸಿದ, ಬೀಜ ಕೆಜಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಹುರಿದಾಗ ತೂಕದಲ್ಲಿ ಶೇ. 15ರಿಂದ 18ರಷ್ಟು ಹೋಗುತ್ತದೆ. 10 ಕೆಜಿ ಹಾಕಿದರೆ ಸಿಗುವುದು ಸುಮಾರು 8.3 ಕೆಜಿ, ಅಲ್ಲಿಗೆ ಹುರಿದ ಬೀಜಕ್ಕೇ 482 ರೂಪಾಯಿ ಬಿತ್ತು. ಗ್ಯಾಸ್, ಕರೆಂಟು, ಕೂಲಿ, ಪೌಚು ಇನ್ನೂ ಸೇರಿಲ್ಲ. 550ಕ್ಕೆ ಮಾರಿ ಅಂಗಡಿಗೆ ಶೇ. 15 ಬಿಟ್ಟರೆ ಕೈಗೆ ಬರುವುದು 467 ಚಿಲ್ಲರೆ. ಮಾರಿದಷ್ಟೂ ನಷ್ಟ; ತೋಟದ ದುಡ್ಡು ಅದನ್ನು ಮುಚ್ಚಿಹಾಕುವುದರಿಂದ ವರ್ಷಗಟ್ಟಲೆ ಗೊತ್ತಾಗುವುದಿಲ್ಲ.

ಹೆಸರಿನ ಆಸೆಯವರಿಗೆ ಮೊದಲೇ ದೊಡ್ಡ ಯಂತ್ರ ಬೇಕು. ಒಂದು ಸಲಕ್ಕೆ 5 ಕೆಜಿ ಹುರಿಯುವ ಸಣ್ಣ ರೋಸ್ಟರಿನಲ್ಲೇ ತಣಿಸುವುದೂ ಸೇರಿ ಒಂದು ಸುತ್ತಿಗೆ 20 ನಿಮಿಷ ಹಿಡಿಯಿರಿ, ಆರು ಗಂಟೆ ಹುರಿದರೆ 90 ಕೆಜಿ ಹಸಿಬೀಜ ಮುಗಿಯುತ್ತದೆ. ಇದರ ಮುಕ್ಕಾಲು ಪಾಲು ಜುಲೈ ಮಳೆಯಲ್ಲೂ ಖರ್ಚಾಗುತ್ತಿದ್ದರೆ ಮಾತ್ರ ದೊಡ್ಡ ಯಂತ್ರಕ್ಕೆ ಸಾಲ ಮಾಡುವ ಮಾತು. ಪ್ರವಾಸಿಗರು ತುಂಬಿರುವ ಡಿಸೆಂಬರಿನ ಮಾರಾಟ ನೋಡಿ ಬ್ಯಾಂಕಿಗೆ ಹೋಗಬೇಡಿ. ಡೇವಿಡ್ ಮೆಕ್ಲೆಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಕೊಡಿಸಿದ ತರಬೇತಿಯ ತಿರುಳೂ ಹೆಚ್ಚುಕಡಿಮೆ ಇದೇ: ಗುರಿ ತೀರಾ ಸುಲಭವೂ ಇರಬಾರದು, ಜೂಜೂ ಆಗಬಾರದು, ಅಳೆದು ನೋಡುವಂತಿರಬೇಕು.

ಸ್ವಭಾವದ ವಿಷಯಕ್ಕೆ ಬಂದರೆ, ‘ನಾನೇ ಹುರಿಯಬೇಕು’ ಎನ್ನುವ ಹಟ ಬೆಳವಣಿಗೆಯನ್ನು ತಡೆಯುವಷ್ಟು ಇನ್ಯಾವುದೂ ತಡೆಯುವುದಿಲ್ಲ. ಕೊಯ್ಲಿನ ತಿಂಗಳಲ್ಲಿ ಯಜಮಾನರು ಕಣದಲ್ಲಿ, ರೋಸ್ಟರ್ ತಣ್ಣಗೆ. ಯಂತ್ರದ ಪಕ್ಕ ಒಂದು ಹಾಳೆ ತೂಗುಹಾಕಿ: ಬೀಜ ಹಾಕಿದಾಗಿನ ಶಾಖ, ಬೀಜ ಮೊದಲ ಸಲ ಚಟಪಟ ಸಿಡಿಯುವ ಸದ್ದು ಕೇಳಿಸಿದ ನಿಮಿಷ, ಇಳಿಸಿದ ನಿಮಿಷ, ಇಳಿಸಿದ ಮೇಲಿನ ತೂಕ. ಕೆಲಸದವರು ತುಂಬಿದ ಹಾಳೆಯಲ್ಲಿ ತೂಕದ ನಷ್ಟ ಒಂದೇ ಸಮ ಬರುತ್ತಿದ್ದರೆ ನೀವು ಪಕ್ಕದಲ್ಲಿ ನಿಲ್ಲಬೇಕಿಲ್ಲ. ಒಮ್ಮೆಲೇ ಶೇ. 20 ದಾಟಿತೋ, ಬೀಜ ಕಪ್ಪಾಗಿದೆ ಎಂದೇ ಲೆಕ್ಕ.

ಇನ್ನು ದಾಕ್ಷಿಣ್ಯ. ಎಲ್ಲರೂ ನೆಂಟರೇ ಆದ ಊರಲ್ಲಿ ಉದ್ರಿ ಕೇಳಿದರೆ ಇಲ್ಲ ಎನ್ನಲು ನಾಲಗೆ ಏಳದು. ಅಂಥವರು ವಸೂಲಿಗೆ ಹೋಗಲೇಬಾರದು; ಹಳೇ ಬಿಲ್ಲು ತೀರದೆ ಎರಡನೇ ಲಾಟು ಇಳಿಸಬೇಡ ಎಂದು ಗಾಡಿಯವನಿಗೇ ಹೇಳಿ ಕಳಿಸಿ.