ಬ್ರಿಟನ್ನಿನಲ್ಲಿ ಕಾಲುಗುರಿನ ಶಸ್ತ್ರಚಿಕಿತ್ಸೆ: ಯಾರ ಬಳಿ ಹೋಗಬೇಕು, ಮಾಯಲು ಎಷ್ಟು ದಿನ ಬೇಕು

ಹೆಬ್ಬೆರಳಿನ ಉಗುರಿನ ಅಂಚು ಮಾಂಸಕ್ಕೆ ಹೊಕ್ಕು ಕೀವು ಕಟ್ಟಿಕೊಂಡಾಗ ಊರಿನಲ್ಲಾಗಿದ್ದರೆ ನೇರವಾಗಿ ಸರ್ಜನ್ ಬಳಿ ಹೋಗುತ್ತಿದ್ದೆವು. ಬ್ರಿಟನ್ನಿನಲ್ಲಿ ಈ ಕೆಲಸ ಮಾಡುವವರು ಬಹುಪಾಲು ಪೋಡಿಯಾಟ್ರಿಸ್ಟ್‌ಗಳು, ಅಂದರೆ ಪಾದದ ಚಿಕಿತ್ಸೆಯಲ್ಲಿಯೇ ಪದವಿ ಪಡೆದವರು. ಎಂಬಿಬಿಎಸ್ ಓದಿಲ್ಲವಲ್ಲ ಎಂದು ಹಿಂಜರಿಯಬೇಡಿ. ಉಗುರಿನ ಶಸ್ತ್ರಚಿಕಿತ್ಸೆಯಲ್ಲಿ ಕೈ ಪಳಗಿದವರು ಅವರೇ.

ನಮ್ಮವರು ಸಮಯ ಕಳೆದುಕೊಳ್ಳುವುದು ಆ್ಯಂಟಿಬಯಾಟಿಕ್‌ಗಳ ಸುತ್ತಿನಲ್ಲಿ. ಮಾತ್ರೆ ನುಂಗಿದರೆ ಕೀವು ಒಣಗುತ್ತದೆ, ನೋವು ತಗ್ಗುತ್ತದೆ. ಆದರೆ ಚುಚ್ಚುತ್ತಿರುವ ಉಗುರಿನ ಚೂರು ಅಲ್ಲಿಯೇ ಇರುವುದರಿಂದ ಕೆಲವೇ ವಾರಗಳಲ್ಲಿ ಬೆರಳು ಮತ್ತೆ ಬಾತುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 2024ರ ಜನವರಿಯಲ್ಲಿ ಆರಂಭವಾದ ಫಾರ್ಮಸಿ ಫಸ್ಟ್ ಯೋಜನೆಯಡಿ ಔಷಧಾಂಗಡಿಯವರೇ ಏಳು ತೊಂದರೆಗಳಿಗೆ ಚಿಕಿತ್ಸೆ ಕೊಡಬಹುದು; ಕಾಲುಗುರಿನ ಸೋಂಕು ಆ ಏಳರಲ್ಲಿ ಇಲ್ಲ. ಹಾಗಾಗಿ ಮಾತ್ರೆ ಬೇಕೆಂದರೆ ಸಾಮಾನ್ಯವಾಗಿ ಜಿಪಿಯ, ಅಂದರೆ ನಾವು ಹೆಸರು ನೋಂದಾಯಿಸಿಕೊಂಡ ಸ್ಥಳೀಯ ವೈದ್ಯರ, ಮೂಲಕ ಹೋಗಬೇಕು. ಎರಡನೆಯ ಸಲ ಸೋಂಕಾಯಿತೆಂದರೆ ಅವರನ್ನು ಮಾತ್ರೆ ಕೇಳುವುದರ ಜೊತೆಗೆ ಪೋಡಿಯಾಟ್ರಿ ವಿಭಾಗಕ್ಕೆ ರೆಫರಲ್ (ಶಿಫಾರಸು) ಬೇಕೆಂದು ಬಾಯಿಬಿಟ್ಟು ಕೇಳಿ. ಸಂಕೋಚದಿಂದ ಸುಮ್ಮನಿದ್ದರೆ ಇಲ್ಲಿ ಯಾರೂ ತಾವಾಗಿ ಮುಂದಿನ ಬಾಗಿಲು ತೆರೆಯುವುದಿಲ್ಲ.

ಹಲವು ಪ್ರದೇಶಗಳಲ್ಲಿ ಜಿಪಿಯ ಅಗತ್ಯವೇ ಇಲ್ಲದೆ ನಾವೇ ಅರ್ಜಿ ತುಂಬಿ ಪೋಡಿಯಾಟ್ರಿಗೆ ಹೆಸರು ಕೊಡಬಹುದು. ನಿಯಮ ಊರಿಂದೂರಿಗೆ ಬೇರೆ, ಕಾಯುವ ಅವಧಿಯೂ ಬೇರೆ. ವೀಸಾದ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿ ಬಂದವರಿಗೆ (2024ರ ಫೆಬ್ರವರಿಯಿಂದ ಹೆಚ್ಚಿನ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್) ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಈ ಚಿಕಿತ್ಸೆಗೆ ಬೇರೆ ಹಣ ಕೊಡಬೇಕಿಲ್ಲ. ಆದರೆ ಎಲ್ಲ ಕಡೆಯೂ ಎಲ್ಲರಿಗೂ ಸಿಗುತ್ತದೆಂಬ ಖಾತರಿಯೂ ಇಲ್ಲ. ಖಾಸಗಿಯಾಗಿ ಮಾಡಿಸುವುದಾದರೆ ಪೋಡಿಯಾಟ್ರಿಸ್ಟ್ ಹೆಸರು ಎಚ್‌ಸಿಪಿಸಿ (ಆರೋಗ್ಯ ವೃತ್ತಿಪರರ ನಿಯಂತ್ರಣ ಸಂಸ್ಥೆ) ನೋಂದಣಿಯಲ್ಲಿ ಇದೆಯೇ ಎಂದು ಆನ್‌ಲೈನ್‌ನಲ್ಲಿ ನೋಡಿ. ಪೋಡಿಯಾಟ್ರಿಸ್ಟ್ ಎಂದು ಕರೆದುಕೊಳ್ಳಲು ಆ ನೋಂದಣಿ ಕಾನೂನಿನಂತೆ ಕಡ್ಡಾಯ. ಫುಟ್ ಹೆಲ್ತ್ ಪ್ರಾಕ್ಟೀಷನರ್ ಎಂಬ ಫಲಕ ಹಾಕಿಕೊಳ್ಳಲು ಅಂಥ ಕಟ್ಟುಪಾಡಿಲ್ಲ. ಹೇಳಿದ ಶುಲ್ಕದಲ್ಲಿ ನಂತರದ ಡ್ರೆಸಿಂಗ್ ಭೇಟಿಗಳೂ ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮಧುಮೇಹ ಇರುವವರು ಈ ಕಾಯುವ ಸರದಿಯಲ್ಲಿ ತಣ್ಣಗೆ ಕೂರಬಾರದು. ಪಾದದ ಸಣ್ಣ ಗಾಯವೂ ಅವರಿಗೆ ಅಪಾಯ, ಅವರಿಗಾಗಿ ಪಾದದ ಆರೈಕೆಯ ಪ್ರತ್ಯೇಕ ತಂಡಗಳೇ ಇವೆ. ಜಿಪಿಗೆ ಅದೇ ದಿನ ತಿಳಿಸಿ. ಬೆರಳಿನ ಕೆಂಪು ಪಾದದ ಮೇಲಕ್ಕೆ ಹರಡುತ್ತಿದ್ದರೆ ಅಥವಾ ಚಳಿಜ್ವರ ಬಂದರೆ, ಮಧುಮೇಹ ಇರಲಿ ಬಿಡಲಿ, ತಡಮಾಡದೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆ ಮಾಡಿ.

ಶಸ್ತ್ರಚಿಕಿತ್ಸೆಯಲ್ಲಿ ನಿಜವಾಗಿ ನೋಯುವುದು ಬೆರಳಿನ ಬುಡದ ಎರಡೂ ಬದಿಗೆ ಕೊಡುವ ಅರಿವಳಿಕೆಯ ಚುಚ್ಚುಮದ್ದು. ಅದು ಕೆಲವು ಕ್ಷಣ ಚುರುಗುಟ್ಟುತ್ತದೆ, ಆಮೇಲೆ ಒತ್ತಿದ್ದು ತಿಳಿಯುತ್ತದೆಯೇ ಹೊರತು ನೋವು ತಿಳಿಯುವುದಿಲ್ಲ. ರಕ್ತ ಬಾರದಂತೆ ಬೆರಳಿನ ಬುಡಕ್ಕೆ ಬಿಗಿಯಾದ ರಬ್ಬರ್ ಉಂಗುರ ಹಾಕಿದಾಗ ಬೆರಳು ಬಿಳಿಚಿಕೊಳ್ಳುತ್ತದೆ. ಗಾಬರಿ ಬೇಡ, ಕೊನೆಯಲ್ಲಿ ಅದನ್ನು ತೆಗೆದು ಬಣ್ಣ ಮರಳಿದ್ದನ್ನು ನೋಡಿಯೇ ಕಳಿಸುತ್ತಾರೆ. ಸಾಮಾನ್ಯವಾಗಿ ಇಡೀ ಉಗುರನ್ನು ಕೀಳುವುದಿಲ್ಲ. ಚುಚ್ಚುವ ಅಂಚನ್ನು ಉದ್ದಕ್ಕೆ ಸೀಳಿ ಬುಡಸಮೇತ ಹೊರತೆಗೆದು, ಅಲ್ಲಿ ಉಗುರು ಮತ್ತೆ ಹುಟ್ಟದಂತೆ ಬೇರಿಗೆ ಫೀನಾಲ್ ಎಂಬ ರಾಸಾಯನಿಕ ಹಚ್ಚುತ್ತಾರೆ. ಹೊಲಿಗೆ ಇರುವುದಿಲ್ಲ. ಗರ್ಭಿಣಿಯಾಗಿದ್ದರೆ, ಎದೆಹಾಲು ಉಣಿಸುತ್ತಿದ್ದರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ಭೇಟಿಯಲ್ಲೇ ಹೇಳಿ.

ಶಸ್ತ್ರಚಿಕಿತ್ಸೆಯ ದಿನ ಮುಂಭಾಗ ತೆರೆದ ಚಪ್ಪಲಿ ಒಯ್ಯಿರಿ. ದಪ್ಪ ಬ್ಯಾಂಡೇಜು ಶೂಗಳಲ್ಲಿ ಹಿಡಿಯುವುದಿಲ್ಲ. ಬೆರಳು ಮರಗಟ್ಟಿರುವಾಗ ಕಾರು ಓಡಿಸುವಂತಿಲ್ಲ, ಯಾರಾದರೂ ಕರೆದೊಯ್ಯುವ ಏರ್ಪಾಡು ಮಾಡಿಕೊಳ್ಳಿ. ಮನೆಗೆ ಬಂದು ಕಾಲನ್ನು ಎತ್ತರದಲ್ಲಿಟ್ಟು ಮಲಗಿ. ಮೊದಲ ಬ್ಯಾಂಡೇಜಿನಲ್ಲಿ ಸ್ವಲ್ಪ ರಕ್ತ ಜಿನುಗುವುದು ಸಹಜ.

ಇಲ್ಲಿಂದ ಮುಂದೆ ತಾಳ್ಮೆ ಬೇಕು. ಫೀನಾಲ್ ಒಂದು ಬಗೆಯ ಸುಟ್ಟ ಗಾಯವನ್ನೇ ಮಾಡುವುದರಿಂದ ವಾರಗಟ್ಟಲೆ ತಿಳಿಹಳದಿ ನೀರು ಒಸರುತ್ತದೆ, ಅಂಚು ಕೆಂಪಾಗಿರುತ್ತದೆ. ಇದನ್ನು ಕಂಡು ಮತ್ತೆ ಸೋಂಕಾಯಿತೆಂದು ಹಲವರು ಹೆದರುತ್ತಾರೆ. ದಿನದಿನಕ್ಕೆ ಒಸರುವುದೂ ನೋವೂ ಕಡಿಮೆಯಾಗುತ್ತಿದ್ದರೆ ಗಾಯ ಸರಿದಾರಿಯಲ್ಲಿದೆ. ಕಡಿಮೆಯಾಗಿದ್ದ ನೋವು ಏರತೊಡಗಿದರೆ, ಮಿಡಿಯುವಂತಾದರೆ, ದಪ್ಪ ಕೀವು ಬಂದರೆ ಕ್ಲಿನಿಕ್‌ಗೆ ಕರೆ ಮಾಡಿ. ಪೂರ್ತಿ ಮಾಯಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ಅಲ್ಲಿಯವರೆಗೆ ಈಜು, ಫುಟ್‌ಬಾಲ್ ಬೇಡ. ಡ್ರೆಸಿಂಗ್ ಬದಲಿಸುವ ಕ್ರಮವನ್ನು ಅವರು ಕೊಟ್ಟ ಹಾಳೆಯಂತೆಯೇ ಪಾಲಿಸಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಅಂಚು ಹೋದ ಉಗುರು ಮುಂದೆಯೂ ಸ್ವಲ್ಪ ಕಿರಿದಾಗಿಯೇ ಇರುತ್ತದೆ.

ಕೂತು ಮಾಡುವ ಕೆಲಸಕ್ಕೆ ಹೆಚ್ಚಿನವರು ಒಂದೆರಡು ದಿನಗಳಲ್ಲಿ ಮರಳುತ್ತಾರೆ. ಗೋದಾಮು, ಅಡುಗೆಮನೆಗಳಲ್ಲಿ ಸುರಕ್ಷತಾ ಬೂಟು ಹಾಕುವವರಿಗೆ ಹೆಚ್ಚು ರಜೆ ಬೇಕಾಗಬಹುದು. ಅನಾರೋಗ್ಯದ ಮೊದಲ 7 ದಿನಗಳಿಗೆ ವೈದ್ಯರ ಪತ್ರ ಬೇಕಿಲ್ಲ, ನಾವೇ ಬರೆದುಕೊಟ್ಟರೆ ಸಾಕು. ಅದರಲ್ಲಿ ಶನಿವಾರ, ಭಾನುವಾರಗಳೂ ಲೆಕ್ಕಕ್ಕೆ ಬರುತ್ತವೆ. ಅದಕ್ಕಿಂತ ಹೆಚ್ಚಾದರೆ ಫಿಟ್ ನೋಟ್ ಎಂಬ ಆ ಪತ್ರ ಬೇಕು.

ಸಂದರ್ಶಕ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಹೀಗಾದರೆ ಜಿಪಿಯನ್ನು ಕಾಣುವುದಕ್ಕೆ ಹಣ ಕೊಡಬೇಕಿಲ್ಲ. ಆದರೆ ಅಲ್ಲಿಂದ ಮುಂದಿನ ಎನ್‌ಎಚ್‌ಎಸ್ ಚಿಕಿತ್ಸೆಗೆ ಬಿಲ್ ಬರಬಹುದು. ಪ್ರಯಾಣ ವಿಮೆ ಕೊಳ್ಳುವಾಗಲೇ ಅವರ ಮಧುಮೇಹವನ್ನು ಮುಚ್ಚಿಡದೆ ನಮೂದಿಸಿ. ಮುಚ್ಚಿಟ್ಟರೆ ಪಾದದ ಚಿಕಿತ್ಸೆಯ ಕ್ಲೇಮನ್ನು ಕಂಪನಿಯವರು ತಿರಸ್ಕರಿಸಬಹುದು.