ರಾಮಪತ್ರೆ ಜಡ್ಡಿಯಲ್ಲಿ ಸಸಿಗಳ ಬೆನ್ನು ಹತ್ತುವುದು: ನನ್ನ ಅನುಭವ

ಓದಿದ್ದು ಅರಣ್ಯಶಾಸ್ತ್ರ, ಶಿರಸಿಯಲ್ಲಿ. ಈಗಿನ ಕೆಲಸ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಕಡೆಯ ಜಡ್ಡಿಗಳಲ್ಲಿ. ವರ್ಷವಿಡೀ ನೀರು ಜಿನುಗುವ ಈ ಕಣಿವೆಗಳಲ್ಲಿ ರಾಮಪತ್ರೆಯ (ಕಾಡು ಜಾಯಿಕಾಯಿಯ) ಬಳಗದ ಮರಗಳದ್ದೇ ರಾಜ್ಯ. 2000ದಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರು ಕುಟುಂಬದ ಮರ ಹೆಸರು ಪಡೆದದ್ದು ಇದೇ ಜಾಗದಿಂದ. ದೊಡ್ಡ ಮರಗಳ ಪಟ್ಟಿ ಸಾಕಷ್ಟು ಆಗಿದೆ. ಅವುಗಳ ಜಾಗಕ್ಕೆ ಮುಂದೆ ಯಾರು ಬರುತ್ತಾರೆ ಎಂಬುದು ನನ್ನ ಪ್ರಶ್ನೆ.

ಮಳೆ ಹಿಡಿದ ಮೇಲೆ ಹೆಣ್ಣು ಮರದ ಬುಡದಲ್ಲಿ ಸಸಿಗಳು ಕಿಕ್ಕಿರಿದಿರುತ್ತವೆ. ಅದನ್ನು ನೋಡಿ ‘ಪುನರುತ್ಪತ್ತಿ ಚೆನ್ನಾಗಿದೆ’ ಎಂದು ಬರೆದರೆ ಆ ವರದಿ ಸುಳ್ಳಾಗುವ ಸಾಧ್ಯತೆಯೇ ಹೆಚ್ಚು. ಮುಂದಿನ ಬೇಸಿಗೆಗೆ ಅವುಗಳಲ್ಲಿ ಎಷ್ಟು ಉಳಿದವು ಎನ್ನುವುದು ಮುಖ್ಯ. ಹಾಗಾಗಿ ಎಣಿಸಿ ಬಿಡುವುದಿಲ್ಲ, ಒಂದೊಂದು ಸಸಿಗೂ ನಂಬರ್ ಕೊಟ್ಟು ಮತ್ತೆ ಅದನ್ನೇ ಹುಡುಕುತ್ತೇನೆ.

ಮರಗಳ ಲೆಕ್ಕಕ್ಕೆ 20x20 ಮೀಟರ್ ಚೌಕ ಹಾಕುವುದು ಈ ಭಾಗದ ರೂಢಿ. ಆದರೆ ಜಡ್ಡಿ ಕಿರಿದು. ಚೌಕದ ಅರ್ಧ ಪಕ್ಕದ ಒಣ ಇಳಿಜಾರಿಗೆ ಹತ್ತಿಬಿಡುತ್ತದೆ, ಗುಡ್ಡದ ಮರಗಳೂ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೆ ಹಳ್ಳದ ಗುಂಟ 10x40 ಮೀಟರ್ ಪಟ್ಟಿ ಹಾಕುತ್ತೇನೆ. ಅಷ್ಟೇ 400 ಚದರ ಮೀಟರ್, ಎಲ್ಲವೂ ಹಸಿ ನೆಲ. ಒಳಗೆ ಸಸಿಗಳಿಗಾಗಿ 2x2 ಮೀಟರ್‌ನ ಚಿಕ್ಕ ಚೌಕಗಳು. ಮೂಲೆಗೆ ಮರದ ಗೂಟ ಬೇಡ, ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ. ಅರ್ಧ ಇಂಚಿನ ಪಿವಿಸಿ ಪೈಪ್ ತುಂಡುಗಳನ್ನು ಎರಡಡಿ ಆಳಕ್ಕೆ ಹೊಡೆದರೆ ನಿಲ್ಲುತ್ತವೆ.

ಮರದ ಸುತ್ತಳತೆಯನ್ನು ಸಾಮಾನ್ಯವಾಗಿ ನೆಲದಿಂದ 130 ಸೆಂ.ಮೀ. ಎತ್ತರದಲ್ಲಿ ತೆಗೆಯುತ್ತಾರೆ. ರಾಮಪತ್ರೆ ಬಳಗದ ಮಿರಿಸ್ಟಿಕಾ ಮ್ಯಾಗ್ನಿಫಿಕಾಗೆ ಊರುಗಾಲಿನಂಥ ಬೇರುಗಳಿರುವುದರಿಂದ ಆ ಎತ್ತರದಲ್ಲಿ ಕಾಂಡವೇ ಸಿಗದಿರಬಹುದು. ಎಲ್ಲಕ್ಕಿಂತ ಮೇಲಿನ ಬೇರಿನಿಂದ 30 ಸೆಂ.ಮೀ. ಮೇಲೆ ಅಳೆದು, ಅಲ್ಲಿ ಬಣ್ಣದ ಗೆರೆ ಎಳೆದು, ಎತ್ತರವನ್ನೂ ಬರೆದಿಡಬೇಕು. ನಂಬರಿನ ಬಿಲ್ಲೆಯ ಮೊಳೆ ಗೆರೆಯಿಂದ ಸಾಕಷ್ಟು ಕೆಳಗಿರಲಿ. ಮೊಳೆ ಹೊಡೆದಲ್ಲಿ ತೊಗಟೆ ಉಬ್ಬುತ್ತದೆ, ಅಳತೆ ಕೆಡುತ್ತದೆ. ಮಂಡಿ ಮಡಚಿದಂತೆ ಬೇರುಗಳು ನೆಲದಿಂದ ಎದ್ದಿದ್ದರೆ ಅದು ಬಹುಮಟ್ಟಿಗೆ ಅದೇ ಬಳಗದ ಜಿಮ್ನಕ್ರಾಂಥೆರಾ. ಅದರ ಎಲೆಯ ಅಡಿಭಾಗ ಬೂದಿ ಬಳಿದಂತೆ ಬೆಳ್ಳಗಿರುತ್ತದೆ. ಸಸಿಯಲ್ಲಿ ಬೇರು ನೋಡಿ ಗುರುತಿಸಲು ಬರುವುದಿಲ್ಲ, ಎಲೆಯ ಅಡಿಭಾಗವೇ ಗತಿ. ಗೊತ್ತಿಲ್ಲದ ಗಿಡದ ತೊಗಟೆ ಕೆರೆದು ನೋಡುವ ಮುಂಚೆ ಅದು ಹೊಳಗೇರು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಸೊನೆ ತಾಗಿದರೆ ಮೈ ಸುಟ್ಟಂತೆ ಬೊಕ್ಕೆ ಏಳುತ್ತದೆ.

ಸಸಿಗೆ ತೆಳು ಅಲ್ಯುಮಿನಿಯಂ ಬಿಲ್ಲೆ, ಮೆತ್ತನೆಯ ತಂತಿ. ಕುಣಿಕೆಯಲ್ಲಿ ಒಂದು ಬೆರಳು ಆಡುವಷ್ಟು ಸಡಿಲ ಬೇಕು, ಇಲ್ಲವಾದರೆ ಕಾಂಡ ದಪ್ಪವಾದಾಗ ತಂತಿ ಕತ್ತರಿಸುತ್ತದೆ. ಹಳ್ಳ ಏರಿದಾಗ ಬಿಲ್ಲೆ ಕೊಚ್ಚಿಹೋಗುವುದುಂಟು. ಅದಕ್ಕೆ ಎರಡು ಮೂಲೆಗಳಿಂದ ಸಸಿಯ ಬುಡಕ್ಕೆ ಟೇಪ್ ಹಿಡಿದು ಎರಡೂ ದೂರ ಬರೆದುಕೊಳ್ಳುತ್ತೇನೆ. ಆ ಎರಡು ಅಂಕಿ ಇದ್ದರೆ ಬಿಲ್ಲೆ ಇಲ್ಲದಿದ್ದರೂ ಸಸಿ ಸಿಗುತ್ತದೆ.

ಎತ್ತರ ಅಳೆಯುವಾಗ ಜಡ್ಡಿಯದೇ ಒಂದು ತೊಡಕಿದೆ. ಪ್ರತಿ ಮಳೆಗಾಲ ಹೂಳು ಬಂದು ಕೂರುತ್ತದೆ. ನೆಲದಿಂದ ಅಳೆದರೆ ಬೆಳೆದ ಸಸಿಯೂ ಕುಗ್ಗಿದಂತೆ ಕಾಣುತ್ತದೆ. ಕಾಂಡದ ಮೇಲೆಯೇ ಬಣ್ಣದ ಚುಕ್ಕಿ ಇಟ್ಟು ಅಲ್ಲಿಂದ ಕುಡಿಯ ಮೊಗ್ಗಿನವರೆಗೆ ಅಳೆಯಬೇಕು, ಎಲೆಯ ತುದಿಯವರೆಗಲ್ಲ. ‘ಸತ್ತಿದೆ’ ಮತ್ತು ‘ಸಿಗಲಿಲ್ಲ’ ಬೇರೆ ಬೇರೆ ಕಾಲಂ. ಇವೆರಡನ್ನು ಒಂದೇ ಮಾಡಿದರೆ ಸಾವಿನ ಲೆಕ್ಕ ಉಬ್ಬುತ್ತದೆ. ನಂಬರ್ ಇಲ್ಲದ ಸಸಿ ಕಂಡರೆ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಬೀಜ ಇನ್ನೂ ಅಂಟಿಕೊಂಡಿದ್ದರೆ ಅದು ಹೊಸತು. ಇಲ್ಲದಿದ್ದರೆ ಕಳೆದ ಬಾರಿ ಕಣ್ತಪ್ಪಿದ್ದಿರಬಹುದು, ಹಾಗೆಂದೇ ಬರೆಯಿರಿ.

ಈ ಮರಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹೂ ಬಿಟ್ಟಾಗ, ಕಾಯಿ ಕಟ್ಟಿದಾಗ ಪ್ರತಿ ಮರದ ಲಿಂಗ ಬರೆದಿಡದಿದ್ದರೆ ಸಸಿಗಳ ಸಂಖ್ಯೆಗೆ ಅರ್ಥವಿಲ್ಲ. ಬೀಜ ಒಣಗಿದರೆ ಸಾಯುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುವ ಜಾತಿಯಲ್ಲ. ಹಾಗಾಗಿ ಬೀಜದ ಮೇಲಿನ ಪತ್ರೆಗಾಗಿ ಕಾಯಿಯನ್ನು ಬಲಿಯುವ ಮುಂಚೆಯೇ ಕೊಯ್ದರೆ ಹಣ್ಣು ತಿನ್ನುವ ಮಂಗಟ್ಟೆ ಹಕ್ಕಿಗೂ ಇಲ್ಲ, ನೆಲಕ್ಕೂ ಇಲ್ಲ. ಕೊಯ್ಲು ಮಾಡುವವರ ಜತೆ ಕೂತು ಯಾವ ಮರ, ಯಾವಾಗ, ಎಷ್ಟು ಬಿಟ್ಟಿರಿ ಎಂದು ಕೇಳುವುದನ್ನು ಚೌಕ ಹಾಕುವಷ್ಟೇ ಮುಖ್ಯ ಕೆಲಸವೆಂದು ಎಣಿಸುತ್ತೇನೆ.

ಮಳೆಗಾಲದಲ್ಲಿ ಉಂಬಳಕ್ಕೆ (ಜಿಗಣೆಗೆ) ದಪ್ಪ ಬಟ್ಟೆಯ ಉದ್ದ ಕಾಲುಚೀಲ ಸಾಕು. ಅಪಾಯ ಇರುವುದು ನವೆಂಬರ್‌ನಿಂದ ಮೇವರೆಗೆ: ರಕ್ತ ಹೀರುವ ಉಣ್ಣೆ ಹುಳ (ಉಣುಗು), ಅದರಿಂದ ಮಂಗನ ಕಾಯಿಲೆ. ಹುಳವನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇನ್ನು ಸೇರಿಸಬೇಕಿರುವುದು ನೀರಿನ ಮಟ್ಟ. ತೂತು ಕೊರೆದ ಎರಡಿಂಚಿನ ಪೈಪಿಗೆ ನೈಲಾನ್ ಜಾಲರಿ ಸುತ್ತಿ ಒಂದು ಮೀಟರ್ ಆಳಕ್ಕೆ ಹೂಳಿದರೆ ತಿಂಗಳಿಗೊಮ್ಮೆ ಅಳೆಯಬಹುದು. ಜಾಲರಿ ಇಲ್ಲದಿದ್ದರೆ ಪೈಪಿನ ತುಂಬ ಹೂಳು. ಮೇಲಿನ ಹಳ್ಳದ ನೀರು ತೋಟಕ್ಕೆ ತಿರುಗಿದ ಜಡ್ಡಿಗೂ ತಿರುಗದ ಜಡ್ಡಿಗೂ ಬೇಸಿಗೆಯಲ್ಲಿ ಎಷ್ಟು ವ್ಯತ್ಯಾಸ, ಸಸಿಗಳ ಸಾವು ಅದಕ್ಕೆ ತಾಳೆಯಾಗುತ್ತದೆಯೇ ಎಂದು ಹೀಗೆ ನೋಡಬಹುದು.